ಹೆಲಿಕಾಪ್ಟರ್ ಕಳಿಸಿ ಅನ್ನೋದು ಸುಲಭ, ಯಾವಾಗ ಅನ್ನೋದೇ ಕಷ್ಟ

ಹೊಸೂರು ರಸ್ತೆಯಲ್ಲಿ ದೊಡ್ಡದೊಂದು ಆಕ್ಸಿಡೆಂಟ್ ಆಗಿ, ಟ್ರಾಫಿಕ್ ಮಧ್ಯೆ ಸಿಕ್ಕಿಕೊಂಡ ಆಂಬುಲೆನ್ಸ್‌ನ ದೃಶ್ಯ ಟಿವಿಯಲ್ಲಿ ಬಂತು ಅಂದ್ರೆ ಸಾಕು. ವೀಕ್ಷಕರಿಂದ ಒಂದು ಪ್ರಶ್ನೆ ಬಂದೇ ಬರುತ್ತೆ. "ಚಂದ್ರನ ಮೇಲೆ ಇಳಿದ ದೇಶ ರೀ ಇದು, ಎಲೆಕ್ಟ್ರಾನಿಕ್ ಸಿಟಿಗೆ ಒಂದು ಹೆಲಿಕಾಪ್ಟರ್ ಕಳಿಸೋಕೆ ಆಗಲ್ವಾ?"

ಕೇಳೋದರಲ್ಲಿ ತಪ್ಪಿಲ್ಲ. ಯಾಕಂದ್ರೆ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಕಾಪ್ಟರ್ ಹೊಸದೇನಲ್ಲ. 2018ರ ಮಾರ್ಚ್‌ನಲ್ಲೇ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಇಲ್ಲಿಗೆ ಹೆಲಿ ಟ್ಯಾಕ್ಸಿ ಶುರುವಾಗಿತ್ತು. ತುಂಬಿ ಏವಿಯೇಷನ್ ಕಂಪನಿಯ ಬೆಲ್ 407 ಹೆಲಿಕಾಪ್ಟರ್, ಸುಮಾರು 15 ನಿಮಿಷದ ಪ್ರಯಾಣ, ತೆರಿಗೆ ಸೇರಿ 4,130 ರೂಪಾಯಿ ಟಿಕೆಟ್. ರಸ್ತೆಯಲ್ಲಿ ಎರಡು ಗಂಟೆ ಹಿಡಿಯುವ ದಾರಿ ಅದು. ಹಾಗಿದ್ದ ಮೇಲೆ ಜನ ಕೇಳುವುದು ಸಹಜವೇ. ಫ್ಲೈಟ್ ಹಿಡಿಯಬೇಕಾದ ಮ್ಯಾನೇಜರ್‌ಗೆ ಹೆಲಿಕಾಪ್ಟರ್ ಬರುತ್ತೆ, ಅದೇ ಹೊಸೂರು ರಸ್ತೆಯಲ್ಲಿ ಬಿದ್ದು ರಕ್ತ ಸುರಿಸುತ್ತಿರುವ ಡೆಲಿವರಿ ಹುಡುಗನಿಗೆ ಯಾಕೆ ಬರಲ್ಲ?

ಈ ಪ್ರಶ್ನೆಗೆ "ನಮ್ಮಲ್ಲಿ ದುಡ್ಡಿಲ್ಲ" ಅನ್ನೋದು ಉತ್ತರ ಅಲ್ಲ. "ಸರ್ಕಾರಕ್ಕೆ ಮನಸ್ಸಿಲ್ಲ" ಅನ್ನೋದೂ ಪೂರ್ತಿ ಉತ್ತರ ಅಲ್ಲ. ಯಂತ್ರ ಇವತ್ತಲ್ಲ ನಾಳೆ ಬರುತ್ತೆ. ಆದರೆ ಫೋನ್ ರಿಂಗಾದ ಮೊದಲ ಎರಡು ನಿಮಿಷದಲ್ಲಿ "ಈ ಅಪಘಾತಕ್ಕೆ ಹೆಲಿಕಾಪ್ಟರ್, ಆ ಅಪಘಾತಕ್ಕೆ ಬೇಡ" ಅಂತ ಹೇಳೋರು ಯಾರು? ಯಾವ ಲೆಕ್ಕದ ಮೇಲೆ ಹೇಳ್ತಾರೆ? ಹೆಲಿಕಾಪ್ಟರ್ ಆಂಬುಲೆನ್ಸ್ ಇರುವ ದೇಶಗಳು ಐವತ್ತು ವರ್ಷದಿಂದ ತಲೆ ಕೆಡಿಸಿಕೊಂಡಿರುವುದು ಇದೊಂದೇ ವಿಷಯಕ್ಕೆ. ನಮ್ಮಲ್ಲಿ ಇದರ ಚರ್ಚೆಯೇ ಇಲ್ಲ.

ಬನ್ನಿ, ಲೆಕ್ಕ ಹಾಕಿ ನೋಡೋಣ. ಓದಿದ್ದು ಎಂಜಿನಿಯರಿಂಗ್, ಲೆಕ್ಕ ಹಾಕದೆ ನನಗೂ ಸಮಾಧಾನ ಆಗಲ್ಲ.

ರಸ್ತೆ ಅಪಘಾತದಲ್ಲಿ ಸಿಕ್ಕವರನ್ನು ನಾಲ್ಕು ಗುಂಪು ಮಾಡಿ. ಮೊದಲನೆಯವರು ಸ್ಥಳದಲ್ಲೇ ಪ್ರಾಣ ಬಿಟ್ಟವರು. 2024ರ ಡಿಸೆಂಬರ್ 21ರಂದು ನೆಲಮಂಗಲದ ತಾಳೆಕೆರೆ ಬಳಿ ಕಂಟೇನರ್ ಲಾರಿ ಕಾರಿನ ಮೇಲೆ ಮಗುಚಿ ಬಿತ್ತು. ಹಾಡಹಗಲು, ಬೆಂಗಳೂರಿನ ಪಕ್ಕದಲ್ಲೇ. ಒಳಗಿದ್ದ ಆರೂ ಜನ ಅಲ್ಲೇ ತೀರಿಕೊಂಡರು. ಆ ಸುದ್ದಿ ಓದುವಾಗ ಕರುಳು ಕಿವುಚಿದ ಹಾಗಾಗುತ್ತೆ, ನಿಜ. ಆದರೆ ಪಕ್ಕದ ಹೊಲದಲ್ಲೇ ಹೆಲಿಕಾಪ್ಟರ್ ನಿಂತಿದ್ದರೂ ಏನೂ ಮಾಡೋಕಾಗ್ತಿರಲಿಲ್ಲ. ಎರಡನೆಯವರು ಕೈ ಮುರಿದವರು, ಚರ್ಮ ತರಚಿದವರು. ನೋವು ದೊಡ್ಡದೇ, ಆದರೆ ಅರ್ಧ ಗಂಟೆ ಆಚೀಚೆ ಆದರೆ ಜೀವಕ್ಕೆ ಅಪಾಯ ಇಲ್ಲ. ಮೂರನೆಯವರು ಪ್ರಾಣಾಪಾಯದಲ್ಲಿರುವವರು, ಆದರೆ ತಕ್ಕ ಆಸ್ಪತ್ರೆ ಹತ್ತಿರದಲ್ಲೇ ಇದೆ. ನಾಲ್ಕನೆಯವರು ಪ್ರಾಣಾಪಾಯದಲ್ಲೂ ಇದ್ದಾರೆ, ಆಸ್ಪತ್ರೆಯೂ ದೂರ. ಹೆಲಿಕಾಪ್ಟರ್‌ನಿಂದ ನಿಜವಾದ ಉಪಯೋಗ ಈ ನಾಲ್ಕನೇ ಗುಂಪಿಗೆ. ಅದೂ ಹಗಲಾಗಿರಬೇಕು, ಆಕಾಶ ತಿಳಿಯಾಗಿರಬೇಕು, ಇಳಿಯಲು ಜಾಗ ಇರಬೇಕು.

ಎಲೆಕ್ಟ್ರಾನಿಕ್ ಸಿಟಿ ಯಾವ ಗುಂಪಿಗೆ ಬರುತ್ತೆ? ಇಲ್ಲಿಂದ ನಿಮ್ಹಾನ್ಸ್‌ಗೆ ರಸ್ತೆಯಲ್ಲಿ ಸುಮಾರು 15 ಕಿಲೋಮೀಟರ್. ತಲೆಗೆ ಪೆಟ್ಟಾದವರನ್ನು ಕರೆದೊಯ್ಯುವ ನಿಮ್ಹಾನ್ಸ್ ಇರೋದೂ ಇದೇ ಹೊಸೂರು ರಸ್ತೆಯ ಆ ತುದಿಯಲ್ಲಿ. ಮೂಳೆ ಮತ್ತು ಅಪಘಾತ ಚಿಕಿತ್ಸೆಗೆಂದೇ ಇರುವ ಸಂಜಯ್ ಗಾಂಧಿ ಆಸ್ಪತ್ರೆ ಅದರ ನೆರೆಯಲ್ಲೇ ಇದೆ. ದಾರಿಯಲ್ಲಿ ಕೋರಮಂಗಲದ ಸೇಂಟ್ ಜಾನ್ಸ್ ಇದೆ. ಈಚೆ ಬೊಮ್ಮಸಂದ್ರದಲ್ಲಿ ನಾರಾಯಣ ಹೆಲ್ತ್ ಸಿಟಿ ಇದೆ. ಅಂದ್ರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬಿದ್ದವರು ಬಹುಪಾಲು ಮೂರನೇ ಗುಂಪಿನವರು. ಆಸ್ಪತ್ರೆ ದೂರ ಇಲ್ಲ, ಮಧ್ಯೆ ಸಿಲ್ಕ್ ಬೋರ್ಡ್ ಇದೆ ಅಷ್ಟೇ!

ಈಗ ಜಕ್ಕೂರಿನಿಂದ ಒಂದು ಹೆಲಿಕಾಪ್ಟರ್ ಹೊರಡಿಸಿ ನೋಡಿ. ಇದು ನನ್ನ ಅಂದಾಜು, ಒಂದೆರಡು ನಿಮಿಷ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಕರೆ ಬಂದು ತೀರ್ಮಾನ ಆಗೋಕೆ 3 ನಿಮಿಷ. ಪೈಲಟ್, ಡಾಕ್ಟರ್ ಸಿದ್ಧರಾಗಿ ಕೂತಿದ್ದಾರೆ ಅಂತಲೇ ಇಟ್ಟುಕೊಂಡರೂ ಅನುಮತಿ ಪಡೆದು ಮೇಲೇಳೋಕೆ 5 ನಿಮಿಷ. ಹಾರಾಟ 8ರಿಂದ 10 ನಿಮಿಷ. ಇಳಿಯೋದೆಲ್ಲಿ? ಎಲಿವೇಟೆಡ್ ಎಕ್ಸ್‌ಪ್ರೆಸ್‌ವೇ ಮೇಲೆ ಆಗಲ್ಲ. ಕೆಳಗಿನ ರಸ್ತೆಯಲ್ಲೂ ಆಗಲ್ಲ, ಒಂದು ಕಡೆ ಫ್ಲೈಓವರ್, ಇನ್ನೊಂದು ಕಡೆ ಹಳದಿ ಮೆಟ್ರೋ ಮಾರ್ಗ, ಮಧ್ಯೆ ವಿದ್ಯುತ್ ತಂತಿ, ಹೋರ್ಡಿಂಗ್. ಹಾಗಾಗಿ ಹೆಲಿಪ್ಯಾಡ್‌ನಲ್ಲೋ ಯಾವುದೋ ಮೈದಾನದಲ್ಲೋ ಇಳಿಯಬೇಕು. ಅಲ್ಲಿಗೆ ಗಾಯಾಳುವನ್ನು ತರೋದು ಯಾವುದು? ಆಂಬುಲೆನ್ಸೇ! ಆಮೇಲೆ ಸ್ಟ್ರೆಚರ್ ಬದಲಿಸಿ ಹೆಲಿಕಾಪ್ಟರ್‌ಗೆ ಹತ್ತಿಸಬೇಕು, ಹಾರಿಸಬೇಕು, ಆಸ್ಪತ್ರೆ ಹತ್ತಿರ ಇಳಿಸಬೇಕು, ಛಾವಣಿ ಮೇಲೆ ಹೆಲಿಪ್ಯಾಡ್ ಇಲ್ಲದಿದ್ದರೆ ಇನ್ನೊಂದು ಆಂಬುಲೆನ್ಸ್‌ಗೆ ಹಾಕಬೇಕು. ಒಟ್ಟು 40 ನಿಮಿಷಕ್ಕೆ ಕಡಿಮೆ ಇಲ್ಲ. ಅದೇ ಆಂಬುಲೆನ್ಸ್ ಗಂಟೆಗೆ ಬರೀ 25 ಕಿಲೋಮೀಟರ್ ವೇಗದಲ್ಲಿ ನಿಮ್ಹಾನ್ಸ್ ಕಡೆ ಹೊರಟಿದ್ದರೆ 36 ನಿಮಿಷಕ್ಕೆ ತಲುಪಿರುತ್ತಿತ್ತು. ಜೊತೆಗೆ ಬೆನ್ನುಮೂಳೆಗೆ ಪೆಟ್ಟಾದವರನ್ನು ಎರಡು ಸಲ ಎತ್ತಿ ಇಳಿಸುವ ಅಪಾಯವೂ ತಪ್ಪುತ್ತಿತ್ತು.

ಇನ್ನು ರಾತ್ರಿ. 2021ರ ಸೆಪ್ಟೆಂಬರ್ 14ರ ರಾತ್ರಿ ನೆನಪಿದೆಯಾ? ಇದೇ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ಬೈಕ್ ನಿಲ್ಲಿಸಿಕೊಂಡಿದ್ದ ಇಬ್ಬರಿಗೆ ಕಾರು ಗುದ್ದಿ, ಅವರು ಮೇಲಿಂದ ಕೆಳಗೆ ಬಿದ್ದರು. ಇಬ್ಬರೂ ಉಳಿಯಲಿಲ್ಲ. ನಮ್ಮ ದೇಶದಲ್ಲಿ ಕಣ್ಣಳತೆಯ ಮೇಲೆ ಹಾರುವ ಹೆಲಿಕಾಪ್ಟರ್‌ಗಳಿಗೆ ಸೂರ್ಯ ಮುಳುಗಿ 20 ನಿಮಿಷ ಆದಮೇಲೆ ಸಾಮಾನ್ಯವಾಗಿ ಹಾರಾಟ ಇಲ್ಲ. ಆದರೆ ದೇಶದಲ್ಲಿ ಅತಿ ಹೆಚ್ಚು ರಸ್ತೆ ಅಪಘಾತ ಆಗೋದು ಸಂಜೆ 6ರಿಂದ 9ರ ನಡುವೆ. ಐಟಿ ಕಂಪನಿಗಳ ಕ್ಯಾಬ್, ಫ್ಯಾಕ್ಟರಿ ಬಸ್, ಡೆಲಿವರಿ ಬೈಕ್ ಎಲ್ಲ ಒಟ್ಟಿಗೆ ರಸ್ತೆಗಿಳಿಯುವ ಹೊತ್ತದು. ಹೆಲಿಕಾಪ್ಟರ್ ಗೂಡು ಸೇರುವ ಹೊತ್ತೂ ಅದೇ.

"ಸರಿ ಬಿಡಿ, ಹೆಲಿಕಾಪ್ಟರ್ ಬೇಡ ಅಂತಾನೇ ಹೇಳ್ತಿದ್ದೀರಿ" ಅಂದುಕೊಳ್ಳಬೇಡಿ. ಬೇಕು. ಎಲ್ಲಿಗೆ ಬೇಕು, ಯಾವಾಗ ಬೇಕು ಅನ್ನೋದಕ್ಕೆ ಒಂದು ಒಳ್ಳೆಯ ಲೆಕ್ಕ ಇದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೆಸ್ನೊ ಅಂತ ಒಂದು ಕೌಂಟಿ, ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿನ ವೈದ್ಯರು ಆಂಬುಲೆನ್ಸ್ ಮತ್ತು ಹೆಲಿಕಾಪ್ಟರ್‌ಗಳು ತೆಗೆದುಕೊಂಡ ಸಮಯವನ್ನು ಹೋಲಿಸಿ 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಸ್ಪತ್ರೆ 10 ಮೈಲಿ, ಅಂದ್ರೆ 16 ಕಿಲೋಮೀಟರ್ ಒಳಗಿದ್ದರೆ ಆಂಬುಲೆನ್ಸೇ ಮುಂದೆ. ಅದಕ್ಕಿಂತ ದೂರ ಆದರೆ ಹೆಲಿಕಾಪ್ಟರ್ ಮುಂದೆ. ಆದರೆ ಇದಕ್ಕೊಂದು ಷರತ್ತಿದೆ. ಕರೆ ಬಂದ ತಕ್ಷಣ ಎರಡನ್ನೂ ಒಟ್ಟಿಗೆ ಕಳಿಸಿರಬೇಕು. ಮೊದಲು ಆಂಬುಲೆನ್ಸ್ ಹೋಗಿ, ಅದರಲ್ಲಿದ್ದವರು ಗಾಯಾಳುವನ್ನು ನೋಡಿ, "ಇದು ಸೀರಿಯಸ್ ಇದೆ, ಹೆಲಿಕಾಪ್ಟರ್ ಕಳಿಸಿ" ಅಂತ ಆಮೇಲೆ ಕೇಳಿದರೆ? ಆಗ ಹೆಲಿಕಾಪ್ಟರ್ ಗೆಲ್ಲಬೇಕಾದರೆ ದೂರ 45 ಮೈಲಿ, ಅಂದ್ರೆ 72 ಕಿಲೋಮೀಟರ್ ದಾಟಬೇಕು!

ಹೆಲಿಕಾಪ್ಟರ್ ಅದೇ, ಪೈಲಟ್ ಅವನೇ, ಆಕಾಶ ಅದೇ. ತಡವಾಗಿದ್ದು ತೀರ್ಮಾನ ಮಾತ್ರ. ಆ ತಡಕ್ಕೆ ತೆತ್ತ ಬೆಲೆ 56 ಕಿಲೋಮೀಟರ್. ಹೆಲಿಕಾಪ್ಟರ್‌ನ ವೇಗ ಅದರ ಎಂಜಿನ್‌ನಲ್ಲಿಲ್ಲ, ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತಿದವರ ತಲೆಯಲ್ಲಿದೆ.

ಫ್ರೆಸ್ನೊದ ರಸ್ತೆಗಳು ಸಿಲ್ಕ್ ಬೋರ್ಡ್ ಅಲ್ಲ, ಒಪ್ಪುತ್ತೇನೆ. ಆ ಅಂಕಿಯನ್ನು ಹಾಗೇ ಎತ್ತಿ ತಂದು ಬೆಂಗಳೂರಿಗೆ ಅಂಟಿಸೋಕೆ ಬರಲ್ಲ. ನಮ್ಮ ಹೊಸೂರು ರಸ್ತೆಗೆ, ನಮ್ಮ ಶಿರಾಡಿ ಘಾಟಿಗೆ, ನಮ್ಮದೇ ಲೆಕ್ಕ ಬೇಕು. ಆದರೆ ತೀರ್ಮಾನ ತಡವಾದಷ್ಟೂ ಹೆಲಿಕಾಪ್ಟರ್ ನಿರುಪಯುಕ್ತವಾಗುತ್ತೆ ಅನ್ನೋ ಮಾತು ಎಲ್ಲ ಊರಿಗೂ ಒಂದೇ.

ಹಾಗಾದರೆ ಫೋನ್ ಬಂದ ಕೂಡಲೇ ಕಳಿಸಿಬಿಡೋಣ್ವಾ, ಎಲ್ಲದಕ್ಕೂ? ಹಾಗೆ ಮಾಡಿ ಪಾಠ ಕಲಿತವರೂ ಇದ್ದಾರೆ.

ಅಮೆರಿಕದ ಮೇರಿಲ್ಯಾಂಡ್ ರಾಜ್ಯ ಈ ವಿದ್ಯೆಯ ತವರು. ಆಡಮ್ಸ್ ಕೌಲಿ ಅನ್ನೋ ಸರ್ಜನ್ 'ಗೋಲ್ಡನ್ ಅವರ್' ಅನ್ನೋ ಮಾತನ್ನು ಜನಪ್ರಿಯ ಮಾಡಿದ್ದು ಅಲ್ಲೇ. ಅಲ್ಲಿನ ಪೊಲೀಸ್ ಹೆಲಿಕಾಪ್ಟರ್‌ಗಳು 1970ರಿಂದಲೇ ಗಾಯಾಳುಗಳನ್ನು ಹೊತ್ತು ಹಾರುತ್ತಿವೆ. ಕಾರು ನಜ್ಜುಗುಜ್ಜಾಗಿದೆ ಅಂದ್ರೆ ಹೆಲಿಕಾಪ್ಟರ್ ಕರೆಯೋದು ಅಲ್ಲಿ ಅಭ್ಯಾಸವಾಗಿತ್ತು. 2008ರ ಸೆಪ್ಟೆಂಬರ್ ಕೊನೆಯ ಒಂದು ರಾತ್ರಿ, ಕಾರು ಅಪಘಾತದಲ್ಲಿ ಗಾಯಗೊಂಡ ಇಬ್ಬರು ಹುಡುಗಿಯರನ್ನು ಹೊತ್ತ 'ಟ್ರೂಪರ್ 2' ಹೆಲಿಕಾಪ್ಟರ್ ಕೆಟ್ಟ ಹವಾಮಾನದಲ್ಲಿ ಕೆಳಗಿಳಿಯಲು ಹೋಗಿ ಕಾಡಿಗೆ ಅಪ್ಪಳಿಸಿತು. ಪೈಲಟ್, ಇಬ್ಬರು ಆರೈಕೆ ಸಿಬ್ಬಂದಿ, ಒಬ್ಬ ಹುಡುಗಿ ಸೇರಿ ನಾಲ್ವರು ಸತ್ತರು. ಇನ್ನೊಬ್ಬ ಹುಡುಗಿ ಬದುಕಿದಳು, ಒಂದು ಕಾಲು ಕಳೆದುಕೊಂಡು. ಆಮೇಲೆ ಎದ್ದ ಪ್ರಶ್ನೆ ನಿಷ್ಠುರವಾಗಿತ್ತು. ಆ ಹುಡುಗಿಯರಿಗೆ ಹೆಲಿಕಾಪ್ಟರ್ ಬೇಕಿತ್ತಾ? ನಂತರ ನಿಯಮ ಬದಲಾಯಿತು. ವಾಹನ ಎಷ್ಟು ಜಜ್ಜಿದೆ ಅನ್ನೋದೊಂದನ್ನೇ ನೋಡಿ ಹೆಲಿಕಾಪ್ಟರ್ ಕರೆಯುವ ಹಾಗಿಲ್ಲ, ಮೊದಲು ಟ್ರಾಮಾ ಸೆಂಟರ್‌ನ ವೈದ್ಯರ ಜೊತೆ ಮಾತಾಡಬೇಕು ಅಂತ. ಹಾರಾಟಗಳ ಸಂಖ್ಯೆ ಗಣನೀಯವಾಗಿ ಇಳಿಯಿತು.

ನಮ್ಮಲ್ಲೂ ಎಚ್ಚರಿಕೆ ಗಂಟೆ ಬಾರಿಸಿದೆ. ಋಷಿಕೇಶದ ಏಮ್ಸ್‌ನಲ್ಲಿ 2024ರ ಅಕ್ಟೋಬರ್ 29ರಂದು ಹೆಲಿಕಾಪ್ಟರ್ ತುರ್ತು ಸೇವೆ ಉದ್ಘಾಟನೆ ಆಯಿತು. ಏಳು ತಿಂಗಳೂ ತುಂಬುವ ಮೊದಲೇ, 2025ರ ಮೇ 17ರಂದು, ರೋಗಿಯನ್ನು ಕರೆತರಲು ಹೋದ ಅದರ ಹೆಲಿಕಾಪ್ಟರ್ ಕೇದಾರನಾಥದಲ್ಲಿ ಇಳಿಯುವಾಗ ಬಾಲ ಮುರಿದುಕೊಂಡು ಬಿತ್ತು. ಪುಣ್ಯಕ್ಕೆ ಒಳಗಿದ್ದ ಮೂವರೂ ಉಳಿದರು. ಹೆಲಿಕಾಪ್ಟರ್ ಹಾರಿಸೋದು ಅಂದ್ರೆ ಒಂದು ಜೀವ ಉಳಿಸೋಕೆ ಮೂರು ಜೀವ ಪಣಕ್ಕಿಡೋದು. ಆ ಪಣಕ್ಕೆ ತಕ್ಕ ಕಾರಣ ಬೇಕು.

ಕಾರಣ ಅಂದ್ರೆ ಏನು? ಜಜ್ಜಿದ ಕಾರನ್ನು ನೋಡಬೇಡಿ, ಒಳಗಿರುವ ಮನುಷ್ಯನನ್ನು ನೋಡಿ ಅನ್ನೋದು ಈ ವಿದ್ಯೆಯ ಮೊದಲ ಪಾಠ. ಅಮೆರಿಕದ ವೈದ್ಯರು 2016ರಲ್ಲಿ ಇದಕ್ಕೊಂದು ಅಂಕಪಟ್ಟಿಯನ್ನೇ ಮಾಡಿದರು. ಪ್ರಜ್ಞೆಯ ಮಟ್ಟ ಇಳಿದಿದೆಯಾ, ಒಂದು ಅಂಕ. ಉಸಿರಾಟ ನಿಮಿಷಕ್ಕೆ 10ಕ್ಕಿಂತ ಕಡಿಮೆ ಅಥವಾ 29ಕ್ಕಿಂತ ಹೆಚ್ಚಿದೆಯಾ, ಒಂದು ಅಂಕ. ಎದೆಗೂಡು ಮುರಿದು ಕುಸಿದಿದೆಯಾ, ಎದೆಯೊಳಗೆ ರಕ್ತವೋ ಗಾಳಿಯೋ ತುಂಬಿದ ಅನುಮಾನ ಇದೆಯಾ, ಕೈಕಾಲು ಸ್ವಾಧೀನ ತಪ್ಪಿದೆಯಾ, ದೇಹದ ಹಲವು ಭಾಗಕ್ಕೆ ಒಟ್ಟಿಗೆ ಪೆಟ್ಟಾಗಿದೆಯಾ, ಒಂದೊಂದಕ್ಕೂ ಒಂದು ಅಂಕ. ಉಸಿರು, ರಕ್ತದೊತ್ತಡದಂಥ ಲಕ್ಷಣವೂ ಕೆಟ್ಟು, ಜೊತೆಗೆ ಕಣ್ಣಿಗೆ ಕಾಣುವ ಗಂಭೀರ ಗಾಯವೂ ಇದ್ದರೆ ಎರಡು ಅಂಕ. ಒಟ್ಟು ಎರಡು ಅಥವಾ ಅದಕ್ಕಿಂತ ಹೆಚ್ಚು ಬಂತಾ? ಹೆಲಿಕಾಪ್ಟರ್‌ನಿಂದ ಲಾಭ ಆಗುವ ಸಾಧ್ಯತೆ ಇದೆ. ಬರಲಿಲ್ವಾ? ರಸ್ತೆಯೇ ಸಾಕು.

ಈಗ ತೊಡಕು ಎಲ್ಲಿದೆ ಗೊತ್ತಾ? ಈ ಅಂಕ ಹಾಕೋಕೆ ತರಬೇತಾದವರು ಸ್ಥಳದಲ್ಲಿರಬೇಕು. ಅವರು ಬರುವವರೆಗೆ ಕಾದರೆ ಆ 56 ಕಿಲೋಮೀಟರ್ ಕಳೆದುಹೋಗುತ್ತೆ. ಕಾಯದಿದ್ದರೆ ಕೈ ಮುರಿದವರಿಗೂ ಹೆಲಿಕಾಪ್ಟರ್ ಹಾರುತ್ತೆ. ಇದಕ್ಕೆ ಅನುಭವಿ ದೇಶಗಳು ಕಂಡುಕೊಂಡ ಉಪಾಯ ಎರಡು ಹಂತದ್ದು. ಕರೆಯಲ್ಲಿ ಕೆಲವು ಮಾತು ಕೇಳಿಬಂದರೆ, ಉದಾಹರಣೆಗೆ ಪ್ರಜ್ಞೆ ಇಲ್ಲ, ವಾಹನದೊಳಗೆ ಸಿಕ್ಕಿಕೊಂಡಿದ್ದಾರೆ, ಹೊರಗೆ ಎಸೆಯಲ್ಪಟ್ಟಿದ್ದಾರೆ ಅಂದರೆ, ಮೊದಲು ಹಾರಿಸಿಬಿಡು. ಸ್ಥಳಕ್ಕೆ ಹೋದವರು ಅಂಕ ಹಾಕಿ "ಬೇಡ" ಅಂದರೆ ಅರ್ಧ ದಾರಿಯಿಂದ ವಾಪಸ್ ಕರೆಸು. ವಾಪಸ್ ಬಂದ ಹಾರಾಟ ಸೋಲಲ್ಲ, ಅದು ಈ ವ್ಯವಸ್ಥೆಯ ಭಾಗ. ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್‌ನ ಟ್ರಾಮಾ ಲೆಕ್ಕದಲ್ಲಿ, ಗಂಭೀರವಲ್ಲದವರನ್ನು ಗಂಭೀರ ಅಂತ ಎಣಿಸುವುದು 25ರಿಂದ 35 ಶೇಕಡಾವರೆಗೆ ಇದ್ದರೂ ಸಹಿಸಬಹುದು. ಆದರೆ ನಿಜಕ್ಕೂ ಗಂಭೀರವಾದವರು ಕೈತಪ್ಪುವುದು ಶೇಕಡಾ 5 ಮೀರಬಾರದು.

ನಮ್ಮಲ್ಲಿ ಇದನ್ನು ಊಹಿಸಿಕೊಳ್ಳಿ. ಹೆಲಿಕಾಪ್ಟರ್ ಗಂಟೆಯ ಖರ್ಚು ಲಕ್ಷದ ಲೆಕ್ಕ. ಅರ್ಧ ದಾರಿಯಿಂದ ಖಾಲಿ ವಾಪಸ್ ಬಂದರೆ ಮರುದಿನ ಹೆಡ್‌ಲೈನ್ ಏನು? "ಜನರ ತೆರಿಗೆ ದುಡ್ಡು ಗಾಳಿಗೆ." ಲೆಕ್ಕಪತ್ರ ವಿಭಾಗದಿಂದ ನೋಟಿಸ್. ಮುಂದಿನ ಸಲ ಆ ಕುರ್ಚಿಯಲ್ಲಿ ಕೂತವರು "ಕನ್ಫರ್ಮ್ ಆಗಲಿ, ಆಮೇಲೆ ನೋಡೋಣ" ಅಂತಾರೆ. ಅಲ್ಲಿಗೆ ಮುಗೀತು. ಹೆಲಿಕಾಪ್ಟರ್ ಖರೀದಿಸುವ ಮೊದಲು, ಸದುದ್ದೇಶದಿಂದ ಕಳಿಸಿ ವಾಪಸ್ ಕರೆಸಿದವರಿಗೆ ಶಿಕ್ಷೆ ಇಲ್ಲ ಅಂತ ಬರೆದಿಡಬೇಕು. ರಸ್ತೆಯಲ್ಲಿ ನೆರವಿಗೆ ಬಂದವರಿಗೆ ರಕ್ಷಣೆ ಕೊಡುವ ಕಾನೂನನ್ನು 2016ರಲ್ಲೇ ಮಾಡಿದ ರಾಜ್ಯ ನಮ್ಮದು. ಕಂಟ್ರೋಲ್ ರೂಮಿನಲ್ಲಿ ತೀರ್ಮಾನ ಮಾಡುವವರಿಗೂ ಅಂಥದ್ದೊಂದು ರಕ್ಷಣೆ ಯಾಕಿರಬಾರದು?

ಸದ್ಯ ನಮ್ಮಲ್ಲಿ ತೀರ್ಮಾನ ಮಾಡೋರು ಯಾರು? ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112, ರಾಷ್ಟ್ರೀಯ ಹೆದ್ದಾರಿಗೆ 1033. ಒಂದೊಂದಕ್ಕೂ ಬೇರೆ ಬೇರೆ ಕೋಣೆ. ಹೆಲಿಕಾಪ್ಟರ್ ಇರೋದು ಖಾಸಗಿಯವರ ಹತ್ತಿರ, ಅವರ ನಂಬರ್ ಬೇರೆಯೇ. ನಮ್ಮ ಏರ್ ಆಂಬುಲೆನ್ಸ್‌ಗಳು ಹೆಚ್ಚಾಗಿ ಹಾರೋದು ಒಂದು ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೆ, ಮನೆಯವರು ದುಡ್ಡು ಕಟ್ಟಿದ ಮೇಲೆ. ಅಂದ್ರೆ ಇವತ್ತು ನಿರ್ಧಾರ ಮಾಡ್ತಿರೋದು ಗಾಯ ಅಲ್ಲ, ಜೇಬು. ಬೊಮ್ಮಸಂದ್ರದ ಗುತ್ತಿಗೆ ಕಾರ್ಮಿಕನ ಜೇಬಿನಲ್ಲಿ ಹೆಲಿಕಾಪ್ಟರ್ ಇಲ್ಲ.

ಗೋಲ್ಡನ್ ಅವರ್ ಅನ್ನೋದು ಈಗ ಬರೀ ಡಾಕ್ಟರ್‌ಗಳ ಮಾತಲ್ಲ, 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಯೊಳಗೇ ಸೇರಿದೆ. ಹರೀಶ್ ಅನ್ನೋ ಯುವಕ ನೆಲಮಂಗಲದ ಬಳಿ ಅಪಘಾತದಲ್ಲಿ ಪ್ರಾಣ ಬಿಡುವ ಮುನ್ನ ಅಂಗದಾನ ಮಾಡಿ ಅಂತ ಕೇಳಿಕೊಂಡಿದ್ದು 2016ರಲ್ಲಿ. ಆತನ ಹೆಸರಲ್ಲೇ ನಮ್ಮ ರಾಜ್ಯ ಮೊದಲ 48 ಗಂಟೆಗೆ 25 ಸಾವಿರ ರೂಪಾಯಿವರೆಗಿನ ಚಿಕಿತ್ಸೆಯ ಯೋಜನೆ ತಂತು. 2025ರ ಮೇನಿಂದ ಕೇಂದ್ರದ ಯೋಜನೆಯಲ್ಲಿ ಏಳು ದಿನಕ್ಕೆ ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಇದೆ. ಆಸ್ಪತ್ರೆ ತಲುಪಿದ ಮೇಲಿನ ಖರ್ಚಿಗೆ ದಾರಿ ಆಯ್ತು. ಆದರೆ ತಲುಪುವವರೆಗಿನ ತೀರ್ಮಾನಕ್ಕೆ?

ಲಂಡನ್‌ನವರು ಮಾಡಿದ್ದು ನೋಡಿ. ಅಲ್ಲಿ 1989ರಿಂದ ಏರ್ ಆಂಬುಲೆನ್ಸ್ ಇದೆ. ಕಂಟ್ರೋಲ್ ರೂಮಿನಲ್ಲಿ, ಸ್ವತಃ ಅಪಘಾತ ಸ್ಥಳಗಳಲ್ಲಿ ಕೆಲಸ ಮಾಡಿದ ಪ್ಯಾರಾಮೆಡಿಕ್ ಒಬ್ಬರು ಕೂತು, ಬರುವ ಸಾವಿರಾರು ಕರೆಗಳಲ್ಲಿ ಯಾವುದಕ್ಕೆ ಈ ತಂಡ ಬೇಕು ಅಂತ ಹೆಕ್ಕುತ್ತಾರೆ. ಅನುಮಾನ ಬಂದರೆ ಕರೆ ಮಾಡಿದವರಿಗೆ ತಾವೇ ವಾಪಸ್ ಫೋನ್ ಮಾಡಿ ಕೇಳುತ್ತಾರೆ. ಇನ್ನೂ ಸ್ವಾರಸ್ಯದ ಸಂಗತಿ ಇದೆ. ಆ ಹೆಲಿಕಾಪ್ಟರ್‌ನ ಮುಖ್ಯ ಕೆಲಸ ಗಾಯಾಳುವನ್ನು ಆಸ್ಪತ್ರೆಗೆ ಒಯ್ಯೋದಲ್ಲ, ಡಾಕ್ಟರನ್ನು ಗಾಯಾಳುವಿನ ಹತ್ತಿರ ತರೋದು. ಆಮೇಲೆ ಬಹುಪಾಲು ಜನ ಆಸ್ಪತ್ರೆಗೆ ಹೋಗೋದು ರಸ್ತೆ ಆಂಬುಲೆನ್ಸ್‌ನಲ್ಲೇ, ಡಾಕ್ಟರ್ ಪಕ್ಕದಲ್ಲಿ ಕೂತು. ರಾತ್ರಿ ಆಯ್ತು ಅಂದ್ರೆ ಅದೇ ತಂಡ ಕಾರಿನಲ್ಲಿ ಹೊರಡುತ್ತೆ.

ಎಲೆಕ್ಟ್ರಾನಿಕ್ ಸಿಟಿಗೆ ಬೇಕಾಗಿರೋದು ಇದು. ರಕ್ತಸ್ರಾವ ತಡೆಯುವ, ಉಸಿರಿನ ದಾರಿ ತೆರೆಯುವ ಕೈ ಮೊದಲ ಹತ್ತು ನಿಮಿಷದಲ್ಲಿ ಅಲ್ಲಿರಬೇಕು. ಅದು ಬೈಕಿನಲ್ಲಿ ಬಂದರೂ ಸರಿ. 2015ರ ಏಪ್ರಿಲ್‌ನಲ್ಲೇ ಕರ್ನಾಟಕ ಬೈಕ್ ಆಂಬುಲೆನ್ಸ್ ಶುರು ಮಾಡಿತ್ತು, ಅದೂ ಬಹುಪಾಲು ಬೆಂಗಳೂರಿಗೇ ಅಂತ. ಹೆಲಿಕಾಪ್ಟರ್ ಕನಸಿನಲ್ಲಿ ಆ ಬೈಕನ್ನು ಮರೆಯೋದು ಬೇಡ.

ಹೆಲಿಕಾಪ್ಟರ್ ಯಾರಿಗೆ ಬೇಕು ಹಾಗಾದರೆ? ಬೆಂಗಳೂರಿನಿಂದ ಚಿತ್ರದುರ್ಗದ ಕಡೆ ಹೋಗುವ ಹೆದ್ದಾರಿಗೆ, ಬಳ್ಳಾರಿ, ರಾಯಚೂರು, ವಿಜಯಪುರದ ಬಯಲಿಗೆ. ಅಲ್ಲಿ ಆಸ್ಪತ್ರೆ ದೂರ, ಆಕಾಶ ತಿಳಿ, ಇಳಿಯೋಕೆ ಹೊಲ ಇದೆ. ಶಿರಾಡಿ, ಚಾರ್ಮಾಡಿ ಘಾಟಿಗೂ ಬೇಕು. ಆದರೆ ಮಳೆಗಾಲದ ಮೋಡ, ಮಂಜಿನಲ್ಲಿ ಅಲ್ಲಿ ಹಾರೋದು ಕಷ್ಟ, ಆ ತಿಂಗಳುಗಳಿಗೆ ರಸ್ತೆಯ ವ್ಯವಸ್ಥೆಯೇ ಗಟ್ಟಿ ಇರಬೇಕು. ಬೆಂಗಳೂರಿನ ಐಕ್ಯಾಟ್ ಮತ್ತು ಚೆನ್ನೈನ ಇ-ಪ್ಲೇನ್ ಕಂಪನಿಗಳು ಜಿಲ್ಲೆಗೊಂದರ ಲೆಕ್ಕದಲ್ಲಿ 788 ವಿದ್ಯುತ್ ಏರ್ ಆಂಬುಲೆನ್ಸ್‌ಗಳಿಗೆ ಒಪ್ಪಂದ ಮಾಡಿಕೊಂಡ ಸುದ್ದಿ 2025ರ ಫೆಬ್ರವರಿಯಲ್ಲಿ ಬಂತು. ಬರಲಿ, ಸ್ವಾಗತ. ಆದರೆ ಜಿಲ್ಲೆಗೊಂದು ಯಂತ್ರ ಬರುವ ಮೊದಲು ರಾಜ್ಯಕ್ಕೊಂದು ಕುರ್ಚಿ ಬರಲಿ. 108, 112, 1033 ಮೂರರ ಕರೆಯೂ ಕೇಳಿಸುವ ಒಂದು ಮೇಜು, ಅಲ್ಲಿ ದಿನದ 24 ಗಂಟೆ ತರಬೇತಾದ ಒಬ್ಬರು, ಅವರ ಕೈಯಲ್ಲಿ ಅಂಕಪಟ್ಟಿ, ಯಾವ ಆಸ್ಪತ್ರೆಯಲ್ಲಿ ಈಗ ನ್ಯೂರೋ ಸರ್ಜನ್ ಇದ್ದಾರೆ ಅನ್ನೋ ಮಾಹಿತಿ. ಇದಕ್ಕೆ ರೆಕ್ಕೆ ಬೇಕಿಲ್ಲ. ಹೆಲಿಕಾಪ್ಟರ್ ಬರೋದು ಹತ್ತು ವರ್ಷ ತಡವಾದರೂ ಈ ಮೇಜು ನಾಳೆಯಿಂದಲೇ ಜೀವ ಉಳಿಸುತ್ತೆ.

ನಿಮ್ಮ ಪಾಲಿನ ಕೆಲಸವೂ ಒಂದಿದೆ. ಆ ಕುರ್ಚಿಯಲ್ಲಿ ಯಾರೇ ಕೂತಿರಲಿ, ಅವರ ಕಣ್ಣು ನೀವೇ. "ಸಾರ್, ಎಲೆಕ್ಟ್ರಾನಿಕ್ ಸಿಟಿ ಹತ್ರ ಆಕ್ಸಿಡೆಂಟ್, ಬೇಗ ಬನ್ನಿ" ಅಂತ ಹೇಳಿ ಫೋನ್ ಇಟ್ಟರೆ ಅವರಿಗೇನೂ ಕಾಣಲ್ಲ. ಫ್ಲೈಓವರ್ ಮೇಲಾ, ಕೆಳಗಾ? ಸಿಲ್ಕ್ ಬೋರ್ಡ್ ಕಡೆ ಹೋಗುವ ಬದಿಯಾ, ಹೊಸೂರು ಕಡೆಯದಾ? ಹತ್ತಿರದ ಪಿಲ್ಲರ್ ನಂಬರ್ ಎಷ್ಟು? ಎಷ್ಟು ಜನಕ್ಕೆ ಪೆಟ್ಟಾಗಿದೆ? ಮಾತಾಡಿಸಿದರೆ ಉತ್ತರ ಕೊಡ್ತಿದ್ದಾರಾ? ಉಸಿರಾಡ್ತಿದ್ದಾರಾ? ರಕ್ತ ಹರಿಯುತ್ತಲೇ ಇದೆಯಾ? ಯಾರಾದರೂ ಒಳಗೆ ಸಿಕ್ಕಿಕೊಂಡಿದ್ದಾರಾ? ಇಷ್ಟು ಹೇಳಿ, ಫೋನ್ ಕಟ್ ಮಾಡದೆ ನಿಲ್ಲಿ. ವಿಡಿಯೋ ಆಮೇಲೆ ಮಾಡಿದರಾಯ್ತು.

ಅರ್ಧ ನಿಮಿಷದ ಮಾತು ಅದು. ಮುಂದೊಂದು ದಿನ ಹೆಲಿಕಾಪ್ಟರ್ ಬಂದಾಗ ಅದು ಹಾರಬೇಕಾ ಬೇಡವಾ ಅನ್ನೋದನ್ನ ತೀರ್ಮಾನಿಸೋದೂ ಆ ಅರ್ಧ ನಿಮಿಷವೇ.